ಪಿಂಡವೂ ಕಾಗೆಯೂ: ಮೃತರೊಡನೆ ಮಾತಿನ ಹಂಬಲ

ಕೊಪ್ಪ ತಾಲ್ಲೂಕಿನ ಬಾಳಗಡಿ, ಅದರ ನೆರೆಯ ಶೃಂಗೇರಿ, ನರಸಿಂಹರಾಜಪುರ ಪ್ರಾಂತಗಳಲ್ಲಿ ಊರೆಂದರೆ ಬಹುಮಟ್ಟಿಗೆ ತೋಟಕ್ಕೊಂದು, ಗದ್ದೆಯಂಚಿಗೊಂದು ಎಂಬಂತೆ ಚದುರಿದ ಒಂಟಿ ಮನೆಗಳು. ಇಂತಹ ಮನೆಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಮೌನವು ಇಮ್ಮಡಿಯಾಗಿ ತೋರುವುದು ಸಹಜ. ಹೋದವರೊಡನೆ ಇನ್ನೊಂದು ಮಾತನ್ನಾದರೂ ಆಡಬೇಕೆಂಬ ಹಂಬಲಕ್ಕೆ ಇಲ್ಲಿನ ಅಪರಕರ್ಮದಲ್ಲಿ ಎಡೆಯಿದೆಯೆ, ಇದ್ದರೆ ಎಷ್ಟರಮಟ್ಟಿಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಅಪರಕರ್ಮದ ಮಂತ್ರಭಾಗವೆಲ್ಲ ಕೊಡುವ ಮಾತು. ನೀರು ಕೊಡುವುದು, ಎಳ್ಳು ಕೊಡುವುದು, ಪಿಂಡ ಕೊಡುವುದು. ಮೃತನಿಂದ ಉತ್ತರವನ್ನು ಅದು ಬೇಡುವುದಿಲ್ಲ. ಉತ್ತರವನ್ನು ಬೇಡುವುದು ಜನದ ನಡವಳಿಕೆ. ಹತ್ತನೆಯ ದಿನ ಹೊಳೆಯ ದಂಡೆಯಲ್ಲೋ ತೋಟದ ಹಳ್ಳದ ಬದಿಯಲ್ಲೋ ಪಿಂಡವನ್ನಿಟ್ಟು ಎಲ್ಲರೂ ಹಿಂದೆ ಸರಿದು ಕಾಗೆಗಾಗಿ ಕಾಯುವರು. ಕಾಗೆ ಕೂಡಲೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತೆಂದು ಅರ್ಥ. ಮರದ ಮೇಲೆ ಕುಳಿತೂ ಇಳಿಯದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ.

ಆಗ ಮಾತು ಮೊದಲಾಗುವುದು. ಹಿರಿಯ ಮಗ ಮುಂದೆ ಬಂದು ಕೈಮುಗಿದು, “ಅಪ್ಪಯ್ಯ, ತಂಗಿಯ ಮದುವೆಯನ್ನು ನಾನು ನಿಂತು ಮಾಡುತ್ತೇನೆ” ಎನ್ನುತ್ತಾನೆ. ಕಾಗೆ ಇಳಿಯದಿದ್ದರೆ ಇನ್ನೊಬ್ಬ, “ಸಾಲದ ಚಿಂತೆ ಬೇಡ, ತೀರಿಸುತ್ತೇವೆ” ಎನ್ನುತ್ತಾನೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವಿದ್ದರೆ ಅದೂ ಅಲ್ಲಿ ಬಾಯಿಗೆ ಬರುವುದು. ಉತ್ತರವೆಂಬುದು ‘ಹೌದು’ ಅಥವಾ ‘ಇನ್ನೂ ಇಲ್ಲ’ ಎಂಬುದಿಷ್ಟೆ. ಮೃತನ ಇಂಗಿತವನ್ನು ಊಹಿಸುತ್ತ ಹೋಗುವವರು ಬದುಕಿರುವವರೇ ಆದುದರಿಂದ, ಬಹಳ ದಿನ ಅದುಮಿಟ್ಟ ಮಾತು ಅಲ್ಲಿ ಹೊರಬೀಳುತ್ತದೆ. ದಾಯಾದಿಗಳ ಎದುರಿನಲ್ಲಿ ಆಡಿದ ಕಾರಣ ಅದು ವಾಗ್ದಾನವಾಗುತ್ತದೆ. ಈ ಪದ್ಧತಿಯ ಬಲವಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ; ಕಾಗೆಯ ವಿಷಯದಲ್ಲಿ ನಂಬಿಕೆ ಎಷ್ಟು ಗಟ್ಟಿ ಎಂಬುದು ಅನಂತರದ ಪ್ರಶ್ನೆ.

ಇದನ್ನು ಪಶ್ಚಿಮದ ಪ್ರೇತಾವಾಹನ ಗೋಷ್ಠಿಗಳೊಡನೆ ಹೋಲಿಸಿದರೆ ಅಂತರ ತಿಳಿಯುವುದು. ಭೌತವಿಜ್ಞಾನಿ ಆಲಿವರ್ ಲಾಡ್ಜ್ ತನ್ನ ಮಗ ರೇಮಂಡ್ 1915ರಲ್ಲಿ ಯುದ್ಧದಲ್ಲಿ ಮಡಿದ ಬಳಿಕ ಮಾಧ್ಯಮಸ್ಥರ ಮೂಲಕ ಅವನೊಡನೆ ಸಂಭಾಷಿಸಿದೆನೆಂದು ನಂಬಿ, 1916ರಲ್ಲಿ ಮಗನ ಹೆಸರಿನಲ್ಲೇ ಒಂದು ಗ್ರಂಥವನ್ನು ಪ್ರಕಟಿಸಿದನು. ಅಲ್ಲಿ ಮೃತನು ದೀರ್ಘವಾಗಿ ಮಾತನಾಡುತ್ತಾನೆ. ಗೋಷ್ಠಿಗೆ ಮೇಲೆ ಗೋಷ್ಠಿ ನಡೆಯುತ್ತದೆ. ಹೊಳೆದಂಡೆಯ ಸಂವಾದವಾದರೋ ಒಂದೇ ದಿನದ್ದು. ಹನ್ನೆರಡನೆಯ ದಿನದ ಸಪಿಂಡೀಕರಣದಲ್ಲಿ ಪ್ರೇತಪಿಂಡವನ್ನು ಮೂರು ಭಾಗಮಾಡಿ ಮೃತನ ತಂದೆ, ಅಜ್ಜ, ಮುತ್ತಜ್ಜರ ಪಿಂಡಗಳಲ್ಲಿ ಬೆರೆಸುವರು. ಅಲ್ಲಿಗೆ ಪ್ರೇತತ್ವ ಕಳೆದು ಪಿತೃತ್ವ ಬರುತ್ತದೆ. ಇನ್ನು ಮುಂದೆ ವರ್ಷಕ್ಕೊಮ್ಮೆ ಶ್ರಾದ್ಧದಲ್ಲಿಯೂ ಮಹಾಲಯದಲ್ಲಿಯೂ ಕರೆಯಬಹುದು. ‘ನಿನಗೇನು ಬೇಕು’ ಎಂದು ಕೇಳುವಂತಿಲ್ಲ. ವರ್ಷಾಂತ್ಯದಲ್ಲಿ ಆಗಬಹುದಾದ ಈ ಕರ್ಮವನ್ನು ಸಾಮಾನ್ಯವಾಗಿ ಹನ್ನೆರಡನೆಯ ದಿನವೇ ಮುಗಿಸುತ್ತಾರೆ. ಅನುಕೂಲಕ್ಕಾಗಿ ಹೀಗಾಗಿದೆಯಾದರೂ ಶೋಕವು ಅಷ್ಟು ಬೇಗ ಮುಗಿಯುವುದೆ?

ಶೋಕದ ಕಾರ್ಯವೆಂದರೆ ಮೃತನಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದೆಂದು ಫ್ರಾಯ್ಡ್ 1917ರ ಪ್ರಬಂಧದಲ್ಲಿ ವಾದಿಸಿದನು. ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ವಿದ್ವಾಂಸರು 1996ರಲ್ಲಿ ಸಂಪಾದಿಸಿದ ಗ್ರಂಥವು ಸಂಬಂಧ ಕಡಿಯಬೇಕಾಗಿಲ್ಲ, ರೂಪಾಂತರಗೊಂಡು ಮುಂದುವರಿಯಬಹುದು ಎಂದಿತು. ಶ್ರಾದ್ಧದ ಎಲೆಯ ಮುಂದೆ ಕುಳಿತವರಿಗೆ ಇದು ಹೊಸ ಮಾತಲ್ಲ.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಕೊರತೆಯುಂಟು, ಅದನ್ನು ಮರೆಮಾಚಬಾರದು. ಹೊಳೆದಂಡೆಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಗಂಡಸರು. ಜೀವಮಾನವೆಲ್ಲ ಜೊತೆಯಲ್ಲಿ ಕಳೆದ ಹೆಂಡತಿ ಬಹುಮಟ್ಟಿಗೆ ಮನೆಯಲ್ಲಿಯೇ ಉಳಿಯುವಳು. ಅವಳಿಗೂ ಹೇಳಬೇಕಾದುದಿರುವುದಿಲ್ಲವೆ? ವೈದ್ಯ ಡೀವಿ ರೀಸ್ ಎಂಬುವರು ವೇಲ್ಸ್ ಪ್ರದೇಶದಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ವಿಚಾರಿಸಿ 1971ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಅರ್ಧದಷ್ಟು ಜನರಿಗೆ ಮೃತರ ಸಾನ್ನಿಧ್ಯದ ಅನುಭವವಾಗಿದ್ದಿತು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಅಂಥವಳ ಸಂವಾದ ನಡೆಯುವುದು ಬಹುಶಃ ಕೊಟ್ಟಿಗೆಯಲ್ಲಿ, ಒಲೆಯ ಮುಂದೆ, ಸಾಕ್ಷಿಗಳಿಲ್ಲದೆ.

ಇನ್ನು ಕಾಗೆ ಬಾರದೆಯೇ ಹೋದರೆ? ಜಡಿಮಳೆಯ ದಿನ ಹೀಗಾಗುವುದುಂಟು. ಹೊತ್ತು ಮೀರಿದಾಗ ದರ್ಭೆಯಲ್ಲಿ ಕಾಗೆಯ ಆಕಾರವನ್ನು ಮಾಡಿ ಪಿಂಡಕ್ಕೆ ಮುಟ್ಟಿಸುವ ವಾಡಿಕೆಯಿದೆ. ಕರ್ಮಕ್ಕೆ ಲೋಪವಿಲ್ಲ, ಬಂದ ನಂಟರು ಎದ್ದು ಊಟಕ್ಕೆ ಹೊರಡುವರು. ಆದರೂ ತಂದೆಯೊಡನೆ ಮಾತು ಬಿಟ್ಟಿದ್ದ ಮಗನೊಬ್ಬನಿದ್ದರೆ, ಕಾಗೆ ಇಳಿಯದಿದ್ದುದು ತನ್ನ ದೆಸೆಯಿಂದಲೇ ಎಂದು ಅವನು ತಿಳಿಯುವನು. ದರ್ಭೆಯ ಕಾಗೆ ಅವನಿಗೆ ಉತ್ತರ ಕೊಡಲಾರದು.