ಎಲೆಯ ಮೇಣ, ಸೋಪಿನ ಪುಡಿ, ಉಪ್ಪುಗಾಳಿ

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ಕೆಲವು ಮನೆಗಳ ಮುಂದೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನೆಟ್ಟಗೆ ಬೆಳೆದ ‘ಕ್ರಿಸ್‌ಮಸ್ ಮರ’ವನ್ನು ತಾವು ಕಂಡಿರಬಹುದು. ಶಂಕುಧಾರಿ ವರ್ಗದ ಈ ಅರೊಕೇರಿಯಾ ಮೂಲತಃ ಶಾಂತಸಾಗರದ ನಾರ್ಫೋಕ್ ದ್ವೀಪದ್ದು. ಆ ದ್ವೀಪದ ವಿಸ್ತಾರ ಸುಮಾರು 35 ಚದರ ಕಿಲೋಮೀಟರ್ ಮಾತ್ರ. ಅಳಿವಿನ ಭೀತಿಯಲ್ಲಿರುವ ಸಸ್ಯಗಳ ಕೆಂಪು ಪಟ್ಟಿಯಲ್ಲಿ ಇದರ ಹೆಸರೂ ಇದೆ. (ನಮ್ಮಲ್ಲಿ ಮಾರುವ ಸಸಿಗಳಲ್ಲಿ ಇದರ ಸೋದರ ಜಾತಿಯವೂ ಬೆರೆತಿರುತ್ತವೆ.)

ಅಲಂಕಾರದ ಮರದ ಕಥೆ ರೈತರಿಗೇಕೆ ಎನ್ನುವಿರಾ? ಸ್ವಲ್ಪ ತಾಳಿ.

ಈ ಮರ ಉಪ್ಪುಗಾಳಿಗೆ ಜಗ್ಗುವುದಿಲ್ಲ. ಗುಟ್ಟು ಇರುವುದು ಎಲೆಯ ಮೈಯಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲೆಯ ಮೇಲೆ ಮೇಣದ ಲೇಪವಿರುತ್ತದೆ. ಎಲೆ ಉಸಿರಾಡುವ ಪತ್ರರಂಧ್ರಗಳ ಬಾಯಲ್ಲೂ ಮೇಣ ತುಂಬಿರುತ್ತದೆ. ಗಾಳಿ ಒಳಗೆ ಹೋಗುತ್ತದೆ, ನೀರಿನ ಹನಿ ಹೋಗದು.

ಹೀಗಿದ್ದೂ 1960-70ರ ದಶಕಗಳಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಡಲ ತೀರದಲ್ಲಿ ಈ ಮರಗಳು ಒಣಗತೊಡಗಿದವು. ಸಮುದ್ರದ ಕಡೆಯ ಕೊಂಬೆಗಳಿಗೇ ಮೊದಲ ಪೆಟ್ಟು. ನಗರದ ಕೊಳಚೆಯೊಡನೆ ಬಟ್ಟೆ ತೊಳೆಯುವ ಮಾರ್ಜಕವೂ ಸಮುದ್ರ ಸೇರಿ, ಅಲೆಗಳ ತುಂತುರಿನಲ್ಲಿ ಎಲೆಗಳ ಮೇಲೆ ಬೀಳುತ್ತಿತ್ತು. ಮಾರ್ಜಕ ಬೆರೆತ ಹನಿ ಉರುಳದೆ ಹರಡಿಕೊಳ್ಳುತ್ತದೆ. ಅದರೊಡನೆ ಉಪ್ಪು ಪತ್ರರಂಧ್ರಗಳ ಮೂಲಕವೇ ಒಳಹೊಕ್ಕಿತು. ಗ್ರೀವ್ ಮತ್ತು ಪಿಟ್‌ಮನ್ ಎಂಬ ವಿಜ್ಞಾನಿಗಳು 1978ರಲ್ಲಿ ಇದಕ್ಕೆ ಪುರಾವೆ ಪ್ರಕಟಿಸಿದರು.

ಮನೆಯಲ್ಲೇ ಪರೀಕ್ಷಿಸಿ. ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ. ಸೋಪಿನ ಪುಡಿ ಕದಡಿದ ನೀರು ಹಾಕಿದರೆ ಎಲೆ ಒದ್ದೆಯಾಗುತ್ತದೆ.

ಬೇವಿನೆಣ್ಣೆ ನೀರಿನಲ್ಲಿ ಬೆರೆಯಲು ಸಾಬೂನು ಬೇಕೇ ಬೇಕು, ಸರಿ. ಆದರೆ ಔಷಧಿ ಚೆನ್ನಾಗಿ ಅಂಟಲಿ ಎಂದು ಬಟ್ಟೆ ಸೋಪಿನ ಪುಡಿಯನ್ನು ಹಿಡಿಗಟ್ಟಲೆ ಸುರಿಯುವುದುಂಟು. ಕಡಲಿಗೆ ಹತ್ತಿರದ ಕಲ್ಲಂಗಡಿ, ಅಲಸಂಡೆ, ಬದನೆಗೆ ಇದರಿಂದ ಕೇಡು. ಎಲೆಯ ಮೇಣ ಕೆಡುತ್ತದೆ. ಆಮೇಲೆ ಬೀಳುವ ಉಪ್ಪಿಗೆ ದಾರಿ ಸುಲಭವಾಗುತ್ತದೆ. ಮಳೆಗಾಲದಲ್ಲಾದರೆ ಮಳೆಯೇ ಎಲೆ ತೊಳೆಯುತ್ತದೆ, ಬೇಸಿಗೆಯಲ್ಲಿ ಆ ಅನುಕೂಲವಿಲ್ಲ.

ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಕಿ, ಅದು ಬೆರೆಯುವಷ್ಟೇ ಸಾದಾ ಸಾಬೂನು ಬಳಸಿ. ಮೊದಲು ಎರಡು ಮೂರು ಗಿಡಗಳಿಗೆ ಸಿಂಪಡಿಸಿ ಎರಡು ದಿನ ಕಾಯಿರಿ. ಕಡಲಗಾಳಿ ಏಳುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ಸಿಂಪರಣೆ ಮುಗಿಸಿ. ಬಿರುಸಾದ ಗಾಳಿ ಬೀಸಿದ ಮರುದಿನ ಬೆಳಿಗ್ಗೆ ಎಲೆಗಳಿಗೆ ಸಿಹಿನೀರು ಚಿಮುಕಿಸಿ ತೊಳೆಯಬಹುದು. ಬಾವಿಯ ನೀರೇ ಉಪ್ಪಾಗಿದ್ದರೆ ಈ ಕೆಲಸ ಬೇಡ.