ಅಲ್ಪಾಕ್ಷರದ ಗಣಿತ

ಸೂತ್ರವೆಂದರೆ ಚಿಕ್ಕದಾಗಿರತಕ್ಕದ್ದೆಂದು ನಾವು ಪಾಠಶಾಲೆಯಲ್ಲಿ ಬಹುಕಾಲ ಬೋಧಿಸಿದೆವು. ಲೆಕ್ಕವನ್ನು ಉದ್ದುದ್ದವಾಗಿ ಬಿಡಿಸಿದ ಬಾಲಕನೊಬ್ಬನಿಗೆ, ಉತ್ತರವು ಸರಿಯಿದ್ದಾಗ್ಯೂ, ಅಂಕಗಳನ್ನು ಕಡಮೆ ಮಾಡಿದ್ದೂ ಉಂಟು. ಈ ಅಭಿಪ್ರಾಯವನ್ನು ತಿದ್ದಿದವಳು ಕಂಪ್ಯೂಟರ್ ವಿದ್ಯೆಯನ್ನು ಕಲಿಯುತ್ತಿರುವ ನಮ್ಮ ಕಿರಿಯ ಮಗಳು.

ಒಂದು ಸಂಜೆ ಆಕೆಯ ಮುಂದೆ ನಾವು ಛಂದಶ್ಶಾಸ್ತ್ರದ ಪ್ರಶ್ನೆಯೊಂದನ್ನಿಟ್ಟೆವು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ನಾಲ್ಕು ಮಾತ್ರೆಗಳ ಗಣಗಳೆಷ್ಟು? ಕಂದಪದ್ಯವನ್ನು ಬಲ್ಲವರು ಐದೆಂದು ಕೂಡಲೆ ಹೇಳುವರು. ಒಂದು ಮಾತ್ರೆಯಿಂದ ಮೊದಲುಗೊಂಡು ಎಣಿಸಿದರೆ ೧, ೨, ೩, ೫, ೮, ೧೩ ಎಂಬ ಶ್ರೇಣಿಯು ದೊರೆಯುತ್ತದೆ. ಕಾರಣವು ಸುಲಭ: ಗಣದ ಕೊನೆಯಕ್ಷರವು ಲಘುವಾದರೆ ಉಳಿಯುವುದು ಒಂದು ಮಾತ್ರೆ ಕಡಮೆ, ಗುರುವಾದರೆ ಎರಡು ಕಡಮೆ. ಆದುದರಿಂದ ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು. ಇದನ್ನು ಪ್ರಾಕೃತ ಛಂದಸ್ಸನ್ನು ಬರೆದ ವಿರಹಾಂಕನೂ, ಅವನ ತರುವಾಯ ಸುಮಾರು ೧೧೫೦ರಲ್ಲಿ ಹೇಮಚಂದ್ರನೂ ಹೇಳಿರುವರು. ಇಟಲಿಯ ಫಿಬೊನಾಚಿಯು ಮೊಲಗಳ ಲೆಕ್ಕದಲ್ಲಿ ಇದನ್ನು ಬರೆದದ್ದು ೧೨೦೨ರಲ್ಲಿ.

ಮಗಳು ಆ ಮಾತನ್ನೇ ಪೈಥಾನ್ ಎಂಬ ಯಂತ್ರಭಾಷೆಯಲ್ಲಿ ಬರೆದಳು: 'ಹಿಂದಿನೆರಡನ್ನು ಕೇಳಿ ಕೂಡು, ಒಂದು, ಎರಡು ಮಾತ್ರೆಗಳಿಗೆ ಬಂದಾಗ ನಿಲ್ಲು.' ಎಷ್ಟು ಸಂಕ್ಷೇಪವೆಂದು ನಾವು ಹಿಗ್ಗಿದೆವು.

"ಅಪ್ಪ, ಚಿಕ್ಕದೇನೋ ಹೌದು, ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತದೆ" ಎಂದಳಾಕೆ. ಮೂವತ್ತು ಮಾತ್ರೆಗಳಿಗೆ ಗಣಗಳು ೧೩,೪೬,೨೬೯. ಅದನ್ನು ತಿಳಿಯಲು ಈ ಕ್ರಮದಲ್ಲಿ ಯಂತ್ರವು ೧೬,೬೪,೦೭೯ ಸಾರಿ ಪ್ರಶ್ನೆ ಹಾಕಿಕೊಳ್ಳಬೇಕಾಗುವುದು!

ಬಳಿಕ ಆಕೆ ಬರೆದ ಸಾಲು ಇದು:

ಅ, ಆ = ಆ, ಅ + ಆ

ಆರಂಭದಲ್ಲಿ ಅ ಎಂಬುದು ೧, ಆ ಎಂಬುದು ೨. ಬಲಗಡೆಯ ಎರಡನ್ನೂ ಹಳೆಯ ಬೆಲೆಗಳಿಂದ ಮೊದಲು ಎಣಿಸಿ, ಅನಂತರ ಎಡಗಡೆಯ ಹೆಸರುಗಳಿಗೆ ಒಟ್ಟಿಗೆ ಕೊಡತಕ್ಕದ್ದು. ಇಪ್ಪತ್ತೊಂಬತ್ತು ಸಾರಿ ಹೀಗೆ ಮಾಡಿದರೆ ಅ ಎಂಬಲ್ಲಿ ಆ ದೊಡ್ಡ ಸಂಖ್ಯೆಯೇ ಬಂದು ನಿಲ್ಲುತ್ತದೆ.

ಮಕ್ಕಳಿಗೆ ತಿಳಿಯಲೆಂದು ನಾವು ಅದನ್ನು ಎರಡು ಸಾಲಾಗಿ ಒಡೆದೆವು: ಮೊದಲು ಅ = ಆ, ಆಮೇಲೆ ಆ = ಅ + ಆ. ಬಂದದ್ದು ೧, ೨, ೪, ೮, ೧೬! ಹಳೆಯ ಅ ಮೊದಲ ಸಾಲಿನಲ್ಲಿಯೇ ಅಳಿದುಹೋಗಿತ್ತು. ಎರಡನೆಯ ಸಾಲು ಆ ಎಂಬುದಕ್ಕೆ ಅದನ್ನೇ ಕೂಡಿ ಇಮ್ಮಡಿಸಿತು. ಅದನ್ನು ಕಾಪಾಡಲು ಮೂರನೆಯದೊಂದು ಹೆಸರು ಬೇಕಾಯಿತು. ಸಾಲುಗಳು ಮೂರಾದುವು, ಲೆಕ್ಕವೂ ಸರಿಹೋಯಿತು.

ಅಂದು ರಾತ್ರಿ ನಮಗೆ ಆ ಬಾಲಕನ ನೆನಪಾಯಿತು. ಅವನ ಉದ್ದದ ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ, ಒಂದು ಬೆಲೆಯೂ ಅಳಿದಿರಲಿಲ್ಲ. ಸೂತ್ರಕ್ಕೆ ಅಕ್ಷರಗಳು ಕಡಮೆಯಿದ್ದರೆ ಸಾಲದು. ಸಂದೇಹವಿರಬಾರದು, ವ್ಯರ್ಥಶ್ರಮವೂ ಇರಬಾರದು. ಇದನ್ನು ತಿಳಿದಿದ್ದೂ ನಾವು ಸಾಲುಗಳನ್ನು ಮಾತ್ರ ಎಣಿಸಿದೆವು. ವಾಚಕರು ತಮ್ಮ ಮಕ್ಕಳ ಸ್ಲೇಟನ್ನು ನೋಡುವಾಗ, ಬರೆಹದ ಉದ್ದವನ್ನು ಅಳೆಯುವುದಕ್ಕೆ ಮುಂಚೆ ಅದರೊಳಗಿನ ನಡೆಯನ್ನು ನೋಡಬೇಕೆಂದು ಪ್ರಾರ್ಥಿಸುತ್ತೇವೆ.