ಹೊಸ ಅಕ್ಕಿಯ ಊಟ ಮತ್ತು ಬಿಸಿಯೇರುತ್ತಿರುವ ಭೂಮಿ



ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ನಮ್ಮ ಕುಟುಂಬಗಳಿಗೆ ಅದು ತೆನೆ ಹಬ್ಬವೂ ಹೌದು. ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಎಲ್ಲರೂ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತೇವೆ. ಆದರೆ ನಮ್ಮನ್ನು ಪೋಷಿಸುವ ಭತ್ತದ ಗದ್ದೆಯೂ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ ಎನ್ನುತ್ತದೆ ವಿಜ್ಞಾನ. ಹಾಗಾದರೆ ನಾವು ಅನ್ನ ಬಿಡಬೇಕೆ?

ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ತಲುಪದು. ಆ ಕೆಸರಿನಲ್ಲಿ ಬದುಕುವ ಸೂಕ್ಷ್ಮಾಣುಗಳು ಕೊಳೆತ ಹುಲ್ಲು, ಬೇರುಗಳಿಂದ ಮೀಥೇನ್ ಅನಿಲವನ್ನು ಉಂಟುಮಾಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯೇರಿಸುತ್ತದೆ.

2021ರಲ್ಲಿ ಗ್ಲಾಸ್ಗೋ ಸಮ್ಮೇಳನದ ವೇಳೆ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು ಶೇ. 30ರಷ್ಟು ತಗ್ಗಿಸುವ ಮಾತು ಕೊಟ್ಟವು. ಭಾರತ ಅದಕ್ಕೆ ಸೇರಲಿಲ್ಲ. ನಮ್ಮ ಮೀಥೇನ್ ಬಹುಪಾಲು ಸಣ್ಣ ರೈತರ ಗದ್ದೆ, ಹಟ್ಟಿಗಳಿಂದ ಬರುವುದು. ಅದು ಭೋಗದ ಫಲವಲ್ಲ, ಬದುಕಿನ ಅಗತ್ಯ ಎಂಬುದು ಸರ್ಕಾರದ ವಾದ. ಆ ವಾದದಲ್ಲಿ ನ್ಯಾಯವಿದೆ. ಹಾಗೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ.

ದಾರಿ ತೋರಿದವರಲ್ಲಿ ಯೇಸುಸಭೆಯ ಗುರುವೊಬ್ಬರಿದ್ದಾರೆ. ಫ್ರಾನ್ಸಿನ ಫಾದರ್ ಆನ್ರಿ ದ ಲೊಲಾನಿಯೆ 1961ರಲ್ಲಿ ಮಡಗಾಸ್ಕರ್‌ಗೆ ಹೋದರು. ಅಲ್ಲಿನ ಬಡ ರೈತರ ಜೊತೆ ದುಡಿದು 1980ರ ದಶಕದಲ್ಲಿ ಹೊಸ ಬೇಸಾಯ ಕ್ರಮವೊಂದನ್ನು ರೂಪಿಸಿದರು. ಅದೇ ನಮ್ಮಲ್ಲಿ 'ಶ್ರೀ' ಪದ್ಧತಿ ಎಂದು ಹೆಸರಾಗಿದೆ. ಹದಿನೈದು ದಿನ ತುಂಬದ ಎಳೆ ಸಸಿಗಳನ್ನು ಒಂದೊಂದಾಗಿ, 25 ಸೆಂ.ಮೀ. ಅಂತರದಲ್ಲಿ ನೆಡಬೇಕು, ನೀರು ನಿಲ್ಲಿಸದೆ ಮಣ್ಣನ್ನು ತೇವವಾಗಿಡಬೇಕು. ಎಕರೆಗೆ ಸುಮಾರು 2 ಕಿಲೋ ಬೀಜ ಸಾಕು. ಬಡವರ ಹೊಟ್ಟೆ ತುಂಬಲೆಂದು ಅವರು ಮಾಡಿದ ಈ ಕೆಲಸ ಇಂದು ಭೂಮಿಗೂ ತಂಪಾಗಿದೆ. ಗಾಳಿಯಾಡುವ ಮಣ್ಣಿನಲ್ಲಿ ಮೀಥೇನ್ ಕಡಿಮೆ.

ನಾಟಿಯ ಕ್ರಮ ಬದಲಿಸಲಾಗದವರು ನೀರನ್ನಾದರೂ ಬಿಟ್ಟು ಬಿಟ್ಟು ಹಾಯಿಸಬಹುದು. ತೂತುಗಳಿರುವ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಕೊಟ್ಟರಾಯಿತು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಒಣಗಬಾರದು. ಸರಿಯಾಗಿ ಮಾಡಿದರೆ ಇಳುವರಿ ಹೆಚ್ಚೇನೂ ಕುಗ್ಗದೆ ಮೀಥೇನ್ ಸರಿಸುಮಾರು ಅರ್ಧಕ್ಕೆ ಇಳಿಯಬಹುದು.

ಕಷ್ಟಗಳೂ ಇವೆ. ನೀರು ತಗ್ಗಿದರೆ ಕಳೆ ಹೆಚ್ಚುತ್ತದೆ, ಕೂಲಿಯ ಖರ್ಚು ಏರುತ್ತದೆ. ಯೂರಿಯಾ ಅತಿಯಾದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಬಿಸಿಯ ಅನಿಲ ಹೊರಡುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗದ್ದೆಯನ್ನು ಬೇಕೆಂದಾಗ ಒಣಗಿಸುವುದು ಸಾಧ್ಯವೇ? ನಾಲೆಯ ಕೊನೆಯಲ್ಲಿರುವ ರೈತ ಮುಂದಿನ ಸರದಿಯನ್ನು ನಂಬದೆ ಸಿಕ್ಕ ನೀರನ್ನು ಕಟ್ಟಿಹಾಕಿದರೆ ತಪ್ಪು ಯಾರದು?

ಆದ್ದರಿಂದ ಈ ಹೊರೆ ರೈತನೊಬ್ಬನ ಹೆಗಲ ಮೇಲೆ ಬೀಳಬಾರದು. ಹೇಳಿದ ದಿನಕ್ಕೆ ನೀರು, ಕಳೆ ತೆಗೆಯುವ ಯಂತ್ರ, ಬೆಳೆಗೆ ನ್ಯಾಯವಾದ ಬೆಲೆ ಅವನಿಗೆ ಸಿಗಬೇಕು. ಭೂಮಿಯ ನೋವನ್ನೂ ಬಡವರ ನೋವನ್ನೂ ಬೇರ್ಪಡಿಸಲಾಗದು ಎಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಕಲಿಸಿದ್ದಾರೆ.

ಈ ಹಬ್ಬದಂದು ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದಿರೋಣ. ಚೆಲ್ಲಿದ ಅನ್ನದೊಂದಿಗೆ ರೈತನ ಬೆವರು, ನೀರು ಎರಡೂ ವ್ಯರ್ಥ. ತೆನೆಯನ್ನು ಆಶೀರ್ವದಿಸುವ ದೇವರು ಅದನ್ನು ಬೆಳೆದ ಕೈಗಳನ್ನೂ, ಅದನ್ನು ಹೊತ್ತ ಮಣ್ಣನ್ನೂ ಆಶೀರ್ವದಿಸಲಿ.